ಪಾಯಪ್ಪ ಕಾಕಾನ ದಿಲ್ಲಿ

ಹುಕ್ಕೇರಿಯ ಪಾತ್ರೆ ಅಂಗಡಿಯ ಪಾಯಪ್ಪ ಕಾಕಾ ಎಲ್ಲ ದಾರಿಯನ್ನೂ ವಿಮಾನದ ಲೆಕ್ಕದಲ್ಲೇ ಅಳೆಯುತ್ತಾರೆ. ಗೋಕಾಕದ ಬಸ್ಸಿಳಿದು ಬೆವರೊರೆಸಿಕೊಳ್ಳುವವರಿಗೆ, "ಇಷ್ಟೊತ್ತಿನ್ಯಾಗ ವಿಮಾನ ಬೆಳಗಾವಿಂದ ಮುಂಬೈ ಮುಟ್ಟತೈತ್ರಿ" ಎನ್ನುತ್ತಾರೆ. ಮೂಡಲಗಿಯ ಬೀಗರು ಊಟಕ್ಕೆ ತಡವಾಗಿ ಬಂದರೆ, ಅವರನ್ನು ಮಾತಿನಲ್ಲೇ ಹೈದರಾಬಾದಿಗೆ ಕಳಿಸಿ ವಾಪಸು ಕರೆತರುತ್ತಾರೆ. ದಿಲ್ಲಿಯ ಮಾತು ಬಂದರೆ ಮಾತ್ರ ದನಿ ತಗ್ಗುತ್ತದೆ: "ಎರಡೂವರಿ ತಾಸ್ರಿ. ಮಧ್ಯಾಹ್ನ ಇಲ್ಲಿ ಉಂಡು ಹತ್ತಿದ್ರ, ಹೊತ್ತು ಮುಳುಗೂದ್ರಾಗ ಸಂಜಿ ಊಟ ಅಲ್ಲೇ." ಇಂಥವರು ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು, ಸೊಂಟ ಹಿಡಿದುಕೊಂಡು ಬಗ್ಗಿ, ಮುಂದಿನ ರಸ್ತೆಯ ಕಲ್ಲಹರಳು, ಮುಳ್ಳುಗಳನ್ನು ಆರಿಸಿ ತೆಗೆಯುತ್ತಾರೆ. ದಿಲ್ಲಿಯಲ್ಲಿ ಜೈನ ಸಾಧ್ವಿಯಾಗಿ ದೀಕ್ಷೆ ತೆಗೆದುಕೊಂಡ ಅವರ ಮಗಳು ಶ್ರದ್ಧಾ ಇನ್ನು ಯಾವ ವಾಹನವನ್ನೂ ಹತ್ತುವಂತಿಲ್ಲ, ಚಪ್ಪಲಿ ಮೆಟ್ಟುವಂತಿಲ್ಲ. "ಬರೂದಾದ್ರ ನಡಕೊಂತನ ಬರಬೇಕಲ್ರಿ" ಎನ್ನುತ್ತಾರೆ ಕಾಕಾ, ಇನ್ನೊಂದು ಹರಳು ಹೆಕ್ಕುತ್ತ.