ಓಡ್ವಾರನ ವಕ್ರ ಅಕ್ಷರಗಳು

ಬಂದರಿನ ಯಾವ ಕಚೇರಿಗೆ ಹೋದರೂ ನಮ್ಮ ಓಡ್ವಾರನಂಥ ಹಠಮಾರಿಯೊಬ್ಬ ಮೂಲೆಯಲ್ಲಿ ಕೂತೇ ಇರುತ್ತಾನೆ. ಫೆರ್ರಿಗಳ ಸಮಯ ತೋರಿಸುವ ಪ್ರೋಗ್ರಾಂ ಅವನದೇ ಕೂಸು. ಕಪ್ಪು ಪರದೆಯಲ್ಲಿ ಅದರ ಹೆಸರು ಬರೆದು ಪಕ್ಕದಲ್ಲಿ ಒಂದು ಅಕ್ಷರ ಒತ್ತಿದರೆ ಬೇಕಾದ್ದು ಸಿಗುತ್ತದೆ. ಆದರೆ ಆ ಅಕ್ಷರಗಳೋ, ಕೋಳಿ ಕೆದಕಿ ಆರಿಸಿದಂತಿವೆ: ಸಹಾಯಕ್ಕೆ ಕ್ಯೂ, ಮಂಜಿಗೆ ಡಬ್ಲ್ಯೂ, ರದ್ದಾದ ಫೆರ್ರಿಗೆ ಝಡ್. ಇಂಥ ಪ್ರೋಗ್ರಾಂಗಳಲ್ಲಿ ಲೋಕವೆಲ್ಲ ಅಕ್ಷರದ ಮುಂದೆ ಇಡುವ ಅಡ್ಡಗೆರೆಯೂ ಇವನಿಗೆ ಬೇಡ. ತಪ್ಪು ಅಕ್ಷರ ಒತ್ತಿದವರಿಗೆ ಪ್ರೋಗ್ರಾಂ ‘ಕಾಫಿ ಕುಡಿದು ಬಾ’ ಎಂದು ಅಟ್ಟುತ್ತದೆ. ಕ್ಯಾಂಟೀನಿನಲ್ಲೂ ಅವನದು ಅದೇ ವರಸೆ: “ವಾಫಲ್. ಕಂದು ಚೀಸ್. ಜಾಮ್ ಬೇಡ.” ನಡುವೆ ಯಾರಾದರೂ ಬಾಯಿ ಹಾಕಿದರೆ ಮತ್ತೆ ವಾಫಲ್‌ನಿಂದಲೇ ಶುರು. ಹೊಸದಾಗಿ ಸೇರಿದ ಹುಡುಗಿ ಯೋರುನ್‌ಗೆ ತಡೆಯಲಾಗಲಿಲ್ಲ. “ಮಾರಾಯ, ಯಾವ ಅಮಲಲ್ಲಿ ಆರಿಸ್ದೆ ಇವನ್ನ? ಮ್ಯಾನೇಜರ್ ಒಪ್ಪಿದಾರೆ, ಸೋಮವಾರ ಎಲ್ಲಾ ಕಿತ್ತು ಬೇರೆ ಹಾಕ್ತೀನಿ.” “ನನ್ ಹೆಣದ್ ಮೇಲೆ ಹಾಕು,” ಎಂದ ಓಡ್ವಾರ್. ಅವಳು ನಗುತ್ತ, ಹೊಸ ಅಕ್ಷರಗಳನ್ನು ತೋರಿಸಲು ಪಕ್ಕದ ಕೋಣೆಗೆ ಹೋದಳು. ಅಲ್ಲಿ ಪ್ರಯಾಣಿಕರಿಗೆ ಮೈಕಿನಲ್ಲಿ ಸುದ್ದಿ ಹೇಳುವ ಸೋಲ್ವೇಗ್ ಕೂತಿದ್ದಳು. ಲಕ್ವ ಹೊಡೆದ ಬಲಗೈ ಮಡಿಲಲ್ಲಿತ್ತು. ಎಡಗೈ ಕೀಲಿಮಣೆಯ ಎಡತುದಿ ಬಿಟ್ಟು ಕದಲದೆ, ಬೆರಳ ಕೆಳಗೇ ಇದ್ದ ಕ್ಯೂ, ಡಬ್ಲ್ಯೂ, ಝಡ್‌ಗಳನ್ನು ಸರಸರ ಒತ್ತುತ್ತಿತ್ತು. ಯೋರುನ್ ಬಾಗಿಲಿಂದಲೇ ಹಿಂದಿರುಗಿ ಓಡ್ವಾರನನ್ನು ಕೇಳಿದಳು: “ಮೊದ್ಲೇ ಹೇಳೋಕೇನಾಗಿತ್ತೋ ನಿಂಗೆ?” “ಅವಳ ಕೈ. ಹೇಳೋದಾದ್ರೆ ಅವಳೇ ಹೇಳ್ಬೇಕು.” ಸೋಮವಾರ ಮ್ಯಾನೇಜರ್ ಬಾಗಿಲಲ್ಲಿ ಇಣುಕಿ, “ಅಕ್ಷರ ಬದಲಾಯ್ತಾ?” ಎಂದರು. ಯೋರುನ್ ತಲೆ ಎತ್ತದೆ ಹೇಳಿದಳು: “ಕಾಫಿ ಕುಡ್ದು ಬನ್ನಿ.”