ತಂತಿ ಕಿತ್ತು ನೋಡುವ ದೆಸಾಂಕಾ

ಬೆಳಗಿನ ಕಾಫಿ ಇನ್ನೂ ಉಕ್ಕಿಲ್ಲ. ನೀಶ್ ಪಟ್ಟಣದ ತಮ್ಮ ಅಡುಗೆಮನೆಯಲ್ಲಿ ದೆಸಾಂಕಾ, ಚೆನ್ನಾಗಿ ಓಡುತ್ತಿರುವ ಕಂಪ್ಯೂಟರಿನಿಂದ ಬೇಕೆಂದೇ ತಂತಿ ಕೀಳುತ್ತಾರೆ. ಪರದೆಯ ಮೇಲೆ ಕೆಂಪಕ್ಷರ: ‘ಅಳತೆ ಸಿಗುತ್ತಿಲ್ಲ’. ಅವರ ಮುಖ ಅರಳುತ್ತದೆ. ಕೆಟ್ಟಿತೆಂದು ಹೀಗೆ ಖುಷಿಪಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಂಪ್ಯೂಟರಿನ ತಿರುಳಾದ ಕರ್ನಲ್, ಹೊರಗಿನ ಯಂತ್ರಗಳ ಜೊತೆ ಮಾತಾಡುವುದು ಡ್ರೈವರ್ ಎಂಬ ಕೋಡಿನ ಮೂಲಕ. ನಮ್ಮ ಹಳ್ಳಿಯ ಪಕ್ಕದ ಮೊರಾವಾ ನದಿಯ ನೀರಿನ ಮಟ್ಟ ಅಳೆಯುವ ಯಂತ್ರದ ಡ್ರೈವರನ್ನು ತಿದ್ದಿ ನೋಡಿಕೊಳ್ಳುವ ಹೊಣೆ ಇವರದು. ತಾವು ದುಡಿಯುತ್ತಿದ್ದ ರೇಡಿಯೊ ಕಾರ್ಖಾನೆ ಮುಚ್ಚಿದ ಮೇಲೆ ರಿಪೇರಿ ಅಂಗಡಿ ಇಟ್ಟು ಬದುಕಿದವರು. ಈ ಡ್ರೈವರಿನ ಕೆಲಸಕ್ಕೆ ಸಂಬಳವಿಲ್ಲ. ಯಂತ್ರ ಕೆಟ್ಟರೆ ಇಡೀ ಕಂಪ್ಯೂಟರ್ ಕುಸಿಯಬಾರದು. ಡ್ರೈವರ್ ತನ್ನ ಕೆಲಸಕ್ಕೆಂದು ಕಂಪ್ಯೂಟರಿನಲ್ಲಿ ಹಿಡಿದಿಟ್ಟ ಜಾಗ, ದಾರಿಗಳನ್ನೆಲ್ಲ, ಕೊನೆಗೆ ಹಿಡಿದದ್ದರಿಂದ ಶುರುಮಾಡಿ, ಬಿಟ್ಟುಕೊಡಬೇಕು. ಒಂದೊಂದು ಹಂತದಲ್ಲೂ ಮನೆಯಲ್ಲಿಟ್ಟ ಪರೀಕ್ಷೆಯ ಯಂತ್ರದ ತಂತಿ ಕಿತ್ತು ಹಾಗಾಗುತ್ತದೆಯೇ ಎಂದು ನೋಡುವುದು ಇವರ ನಿತ್ಯದ ಅಭ್ಯಾಸ. ಹಾಗೆಂದು ಕೆಟ್ಟದ್ದನ್ನು ಮುಚ್ಚಿಡಲೂ ಬಾರದು. ಹಳೆಯ ಡ್ರೈವರ್ ಮುಚ್ಚಿಡುತ್ತಿತ್ತು. ಅಳತೆ ಬಾರದಿದ್ದರೆ ಹಿಂದಿನ ಅಂಕಿಯನ್ನೇ ಮತ್ತೆ ತೋರಿಸುತ್ತಿತ್ತು.

ದೆಸಾಂಕಾ ಅದನ್ನು ತಿದ್ದಿದಾಗ ಮೊದಲು ಸಿಡುಕಿದವರು ನಮ್ಮ ಹಳ್ಳಿಯ ನದಿ ಕಾವಲುಗಾರ ಒಬ್ರಾದ್. ಯಂತ್ರಕ್ಕೆ ಕಸ ಸಿಕ್ಕಾಗಲೆಲ್ಲ ಅವರು ಮಳೆಯಲ್ಲಿ ಹೋಗಿ ಕಣ್ಣಾರೆ ನೋಡಬೇಕಾಯಿತು.

“ಮೊದ್ಲು ತೆಪ್ಪಗಿತ್ತು. ನೀನು ಕೈ ಹಾಕಿದ್ಮೇಲೆ ದಿನಾ ಅಳುತ್ತಲ್ಲ ಮಾರಾಯ್ತಿ,” ಎಂದು ಫೋನಿನಲ್ಲಿ ರೇಗಿದರಂತೆ.

“ಗೊತ್ತಿಲ್ದೆ ಇದ್ದಾಗ ಗೊತ್ತಿಲ್ಲ ಅನ್ಲಿ ಬಿಡಣ್ಣ. ನೀನೇ ಹೋಗಿ ನೋಡು,” ಎಂದರಂತೆ ಇವರು.

ಕಳೆದ ವಸಂತದ ಒಂದು ಮುಂಜಾನೆ, ತೇಲಿಬಂದ ಮರವೊಂದು ಆ ಯಂತ್ರವನ್ನೇ ಕಿತ್ತುಕೊಂಡು ಹೋಯಿತು. ಒಬ್ರಾದರ ಪರದೆ ಕೆಂಪಾಯಿತು. ಗೊಣಗುತ್ತಲೇ ಹೊರಟ ಒಬ್ರಾದ್, ಏರಿಯ ಅಂಚು ಮುಟ್ಟಿದ್ದ ನೀರು ಕಂಡು ಎದ್ದುಬಿದ್ದು ಓಡಿ ಚರ್ಚಿನ ಗಂಟೆ ಹೊಡೆದರು. ನಾವೆಲ್ಲ ಗುಡ್ಡ ಹತ್ತಿದೆವು. ನಮ್ಮತ್ತೆಯನ್ನು ನಾನೇ ಬೆನ್ನ ಮೇಲೆ ಹೊತ್ತೆ. ಪರದೆಯ ಮೇಲೆ ಹಳೆಯ ಅಂಕಿಯೇ ಇದ್ದಿದ್ದರೆ ನಾವು ಹಾಸಿಗೆಯಿಂದ ಏಳುತ್ತಲೇ ಇರಲಿಲ್ಲ. ಈ ಹೆಣ್ಣುಮಗಳಿಗೆ ಎಷ್ಟು ಕೈಮುಗಿದರೂ ನನಗೆ ಸಾಲದು.

ಅದನ್ನೇ ಹೇಳಿದರೆ ದೆಸಾಂಕಾ ಒಲೆಯ ಕಡೆ ತಿರುಗುತ್ತಾರೆ. “ಎದ್ದು ಹೋಗಿ ನೋಡಿದ್ದು ಒಬ್ರಾದಣ್ಣ. ನಾನಿಲ್ಲಿ ಗೊರಕೆ ಹೊಡೀತಿದ್ದೆ.” ಒಬ್ರಾದ್ ಆಮೇಲೆ ತಂದುಕೊಟ್ಟ ಪ್ಲಮ್ ಜಾಮನ್ನು ನನ್ನ ಮುಂದೆ ಇಡುತ್ತಾರೆ.

ಅಷ್ಟರಲ್ಲಿ ಫೋನು. ಒಬ್ರಾದ್.

“ತಂಗೀ, ಇವತ್ತೂ ಗೊತ್ತಿಲ್ಲ ಅಂತಿದೆ ನಿನ್ನ ಹೊಸ ಯಂತ್ರ.” ದನಿಯಲ್ಲಿ ಈಗ ಸಿಡುಕಿಲ್ಲ. “ಹೋಗಿ ನೋಡ್ಕೊಂಡು ಬಂದೆ. ನೀರು ಕೆಳಗೇ ಇದೆ. ನೀನು ಕಾಫಿ ಕುಡಿ.”