ಪಂಚಮಿಗೆ ಕರೆಯಲು ಹೋದ ಸಾಲಗಾರ

ಶಿರಹಟ್ಟಿಯಲ್ಲಿ ಮೋಟಾರು ನಿಲ್ಲುವ ಕಡೆಯೇ ಕೋರ್ಟಿನ ಬೇಲೀಫ ವಾರಂಟು ಹಿಡಿದು ನಿಂತಿರಬಹುದಿತ್ತು. ನನ್ನ ಶಾಲೆಯ ಯಾವನೋ ಹುಡುಗನ ಅಪ್ಪ ಅದೇ ಮೋಟಾರಿನಲ್ಲಿದ್ದು, ಮಾಸ್ತರನನ್ನು ಹಿಡಿದುಕೊಂಡು ಹೋದ ಸುದ್ದಿ ಸಂಜೆಯೊಳಗೆ ಬೆಟಗೇರಿಯ ಓಣಿ ಓಣಿ ಮುಟ್ಟಬಹುದಿತ್ತು. ಸಾಲಗಾರರನ್ನು ಕೂಡಿಹಾಕುವ ಕೋಣೆಯಲ್ಲಿ ಥಂಡಿ ಹಿಡಿದು ನನ್ನ ಕೆಮ್ಮು ಎದೆಗೆ ಇಳಿಯಬಹುದಿತ್ತು. ಸಾವಕಾರ ನಾಲ್ಕು ಮಂದಿಯ ನಡುವೆ ನನ್ನ ಕೋಟು ಬಿಚ್ಚಿಸಿಕೊಳ್ಳಬಹುದಿತ್ತು. ಒಳಗಿನ ಅಂಗಿ ಬೆನ್ನಿನ ಮೇಲೆ ಹರಿದಿದ್ದರಿಂದ ಉಳಿದ ಭಯಗಳಿಗಿಂತ ಇದು ಒಂದು ಕೈ ಹೆಚ್ಚೇ ಇತ್ತು. ತಂಗಿಯ ಅತ್ತೆ ಬಾಗಿಲನ್ನೇ ತೆರೆಯದಿರಬಹುದಿತ್ತು. ಹಳ್ಳ ಬಂದು ದಾರಿ ಕಟ್ಟಬಹುದಿತ್ತು. ಮುಂಡರಗಿಯ ಆಚೆ ನಿಜಾಮನ ಸೀಮೆಯಲ್ಲಿ ಎದ್ದಿದ್ದ ರಜಾಕಾರರ ಗಲಾಟೆ, ಬೇರೆ ದಿನವೇ ಸಿಗದವರ ಹಾಗೆ, ಅವತ್ತೇ ಇತ್ತ ಹೊರಳಬಹುದಿತ್ತು.

ಇಷ್ಟನ್ನೂ ಗದಗ ಬಿಡುವ ಮೊದಲೇ ಯೋಚಿಸಿ ಮುಗಿಸಿದ್ದೆ. ಆದರೂ ಖರೆ ಹೇಳಬೇಕೆಂದರೆ, ಆ ಬೆಳಗ್ಗೆ ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದು ಭಯದಿಂದ ಮಾತ್ರ ಅಲ್ಲ. ಹನ್ನೊಂದು ವರ್ಷಗಳ ಮೇಲೆ ತಂಗಿಯನ್ನು ನಾಗರ ಪಂಚಮಿಗೆ ಕರೆದುಕೊಂಡು ಬರಲು ಹೊರಟಿದ್ದೆ. ನಲವತ್ತು ದಾಟಿದವನು ಮೋಟಾರಿನ ಕಿಟಕಿಯ ಪಕ್ಕದ ಜಾಗಕ್ಕಾಗಿ ಒಬ್ಬ ಮುದುಕನ ಜೊತೆ ವಾದ ಮಾಡಿದೆನೆಂದರೆ ಸಂಭ್ರಮ ಎಷ್ಟಿತ್ತೆಂದು ತಿಳಿಯಬಹುದು.

ಈಗ ನಾಡೆಲ್ಲ ಒಂದಾದ ಮೇಲೆ ಹೇಳಿದರೆ ಮಕ್ಕಳು ನಂಬುವುದಿಲ್ಲ. ಆಗ ಗದಗ ಇಂಗ್ರೇಜಿಯವರದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಅದರ ಮಗ್ಗುಲಿನ ಲಕ್ಷ್ಮೇಶ್ವರ ಮೀರಜದ್ದು. ಅರ್ಧ ದಿನ ನಡೆದರೆ ಮೂರು ಸರಕಾರ ತುಳಿದಂತಾಗುತ್ತಿತ್ತು. ನನ್ನ ಜೊತೆಯ ಮಾಸ್ತರನೊಬ್ಬ ನೌಕರಿ ಬಿಟ್ಟು ಶಿರಹಟ್ಟಿಯಲ್ಲಿ ಸೈಕಲ್ ಅಂಗಡಿ ಹಾಕಲು ಅಲ್ಲಿಯ ಸಾವಕಾರನ ಹತ್ತಿರ ಸಾಲ ತೆಗೆದ. ನಾನು ಜಾಮೀನು ನಿಂತೆ. ಸಹಿ ಹಾಕದಿದ್ದರೆ ಅವನ ಮನಸ್ಸಿಗೆ ಏನನ್ನಿಸೀತೋ ಎಂದು ಮೂರು ರಾತ್ರಿ ನಿದ್ದೆಗೆಟ್ಟು ಸಹಿ ಹಾಕಿದವನು ನಾನು. ವರ್ಷದೊಳಗೆ ಅವನು ಮುಂಬಯಿಗೆ ಹೋದ, ಮತ್ತೆ ಪತ್ತೆಯಿಲ್ಲ. ಸಾವಕಾರ ಶಿರಹಟ್ಟಿಯ ಕೋರ್ಟಿನಲ್ಲಿ ನನ್ನ ಮೇಲೆ ಹುಕುಮು ಪಡೆದ. ಗದಗಿನ ನಮ್ಮ ವಕೀಲರು, "ಇಲ್ಲಿ ನಿಮ್ಮನ್ನ ಮುಟ್ಟಬೇಕಂದ್ರ ಅಂವ ಮತ್ತ ಹೊಸದಾಗಿ ದಾವೆ ಹಾಕಬೇಕು. ಅಷ್ಟು ಖರ್ಚು ಮಾಡೂ ಮನಿಶಾ ಅಲ್ಲ ಅಂವ. ನೀವು ಸೀಮಿ ದಾಟಬ್ಯಾಡ್ರಿ, ಅಷ್ಟ," ಎಂದರು.

ದಾಟಲಿಲ್ಲ. ಆದರೆ ತಂಗಿಯ ಗಂಡನ ಮನೆ ಇದ್ದದ್ದು ಶಿರಹಟ್ಟಿಯಲ್ಲೇ. ಪಂಚಮಿಗೆ ಅಣ್ಣ ಬಂದು ಕರೆಯದೆ ಹೆಣ್ಣುಮಗಳು ತವರಿಗೆ ಹೋಗುವುದುಂಟೇ? "ಕರಿಯಾಕ ಅಣ್ಣ ಬರಲಿ, ಕಳಸ್ತೀನಿ. ತಾನ ಗಂಟು ಕಟ್ಟಿಕೊಂಡು ಹೋಗಾಕ ನನ್ನ ಸೊಸಿ ಏನು ದಿಕ್ಕಿಲ್ಲದಾಕಿ ಅಲ್ಲ," ಎಂದು ಅವಳ ಅತ್ತೆ ಪಟ್ಟು ಹಿಡಿದರು. ಮೊಣಕಾಲು ಹಿಡಿದ ನಮ್ಮ ಅವ್ವ ಮೋಟಾರು ಹತ್ತಲಾರಳು. ಪ್ರತಿ ಶ್ರಾವಣದಲ್ಲಿ ಜೋಕಾಲಿ ಕಟ್ಟಿಸಿ, ಅದರ ಮುಂದೆ ಸುಮ್ಮನೆ ಕೂತಿರುತ್ತಿದ್ದಳು.

ನಮ್ಮ ಎರಡೂ ಮನೆಗಳ ನಡುವೆ ಓಡಾಡುತ್ತಿದ್ದವನು ಒಬ್ಬನೇ: ಸಾವಕಾರನ ವಸೂಲಿ ಗುಮಾಸ್ತ. ಬಡಕಲು ಮೈ, ಹರಿದ ಛತ್ರಿ. ತಿಂಗಳಿಗೆರಡು ಶನಿವಾರ ಶಾಲೆಯ ಕಟ್ಟೆಗೆ ಬಂದು, ನಾಲ್ಕು ಮಂದಿಗೆ ಕೇಳುವಂತೆ, "ಮಾಸ್ತರ, ಕೊಡೂದು ಯಾವಾಗ?" ಎನ್ನುತ್ತಿದ್ದ. "ಮುಂದಿನ ತಿಂಗಳು," ಎನ್ನುತ್ತಿದ್ದೆ. "ಆತು," ಎಂದವನೇ ದನಿ ಇಳಿಸಿ, ತಂಗಿಗೆ ಜ್ವರ ಬಂದದ್ದು, ಬಿಟ್ಟದ್ದು, ಎರಡನೆಯದೂ ಹೆಣ್ಣಾದದ್ದು ಎಲ್ಲ ಖಬರು ಒಪ್ಪಿಸಿ, ಚೀಲದಿಂದ ಅವಳು ಕಳಿಸಿದ ಚಟ್ನಿಪುಡಿ ತೆಗೆಯುತ್ತಿದ್ದ. ಹೋಗುವಾಗ ಅವ್ವ ಕೊಟ್ಟ ಉಂಡಿ ಒಯ್ಯುತ್ತಿದ್ದ. ಆಮೇಲೆ ಮಿರ್ಚಿ ಭಜಿ ತಿಂದು, ಸಂಜೆ ನಾಟಕ ನೋಡಿ, ಸಾವಕಾರನ ಖರ್ಚಿನಲ್ಲಿ ಮರುದಿನದ ಮೋಟಾರು ಹಿಡಿಯುತ್ತಿದ್ದ.

ಸ್ವಾತಂತ್ರ್ಯ ಬಂತು, ಮರುವರ್ಷ ಸಂಸ್ಥಾನವೂ ಮುಂಬಯಿ ಸರಕಾರದೊಳಗೆ ಸೇರಿತು. ಊರೆಲ್ಲ ಪೇಢೆ ಹಂಚುವಾಗ ನಾನು ವಕೀಲರ ಮನೆಗೆ ಓಡಿದೆ. ಅವರು ಬಾಯಲ್ಲಿ ಪೇಢೆ ಇಟ್ಟುಕೊಂಡೇ, "ಮುಗೀತ್ರಿ ಮಾಸ್ತರ. ಈಗ ಸೀಮಿ ಎಲ್ಲೈತಿ? ಅಲ್ಲೀ ಹುಕುಮು ಇಲ್ಲೂ ನಡೀತೈತಿ. ನೀವು ಇಲ್ಲಿದ್ರೂ ಅಷ್ಟ, ಅಲ್ಲಿದ್ರೂ ಅಷ್ಟ," ಎಂದರು. ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಎಲ್ಲಿದ್ರೂ ಅಷ್ಟ ಅಂದ್ರ ಶಿರಹಟ್ಟಿಗೇ ಹೋಗಲೇ. ಹಿಡದ್ರ ಹಿಡೀಲಿ. ತಂಗೀನರ ಕರಕೊಂಡು ಬರ್ತಿ."

ಇಷ್ಟು ವರ್ಷ ಕನ್ನಡ ವ್ಯಾಕರಣ ಕಲಿಸಿದ ನನಗೆ ಈ ತರ್ಕ ಹೊಳೆದಿರಲಿಲ್ಲ.

ಮೋಟಾರು ಎರಡು ಸೀಮೆಗಳ ನಡುವಿನ ಹಳೆಯ ಕಾವಲು ನಾಕೆಯ ಹತ್ತಿರ ಬಂದಾಗ ಕತ್ತು ಚಾಚಿ ಹೊರಗೆ ನೋಡಿದೆ. ಪೊಲೀಸನಿರಲಿಲ್ಲ. ಅಡ್ಡಗಟ್ಟುತ್ತಿದ್ದ ಬಿದಿರು ನೆಲಕ್ಕೆ ಬಿದ್ದಿತ್ತು, ಒಂದು ಆಡು ಅದಕ್ಕೆ ಮೈ ತಿಕ್ಕಿಕೊಳ್ಳುತ್ತಿತ್ತು. ಡ್ರೈವರ ವೇಗ ಕೂಡ ತಗ್ಗಿಸಲಿಲ್ಲ. ಹನ್ನೊಂದು ವರ್ಷ ನಾನು ಹೆದರಿದ್ದ ಜಾಗ ಕಣ್ಣು ಮಿಟುಕಿಸುವುದರೊಳಗೆ ಹಿಂದೆ ಹೋಯಿತು. ಪಕ್ಕದ ಮುದುಕನ ತೊಡೆ ಗಟ್ಟಿಯಾಗಿ ಹಿಡಿದುಕೊಂಡು, "ದಾಟಿದ್ವಿ," ಎಂದೆ. "ಏನು ದಾಟಿದ್ವಿ?" ಎಂದ ಅವನು.

ಶಿರಹಟ್ಟಿ ಬಂದಕೂಡಲೇ, ಮೋಟಾರು ಪೂರಾ ನಿಲ್ಲುವ ಮೊದಲೇ, ಹಿಂದಿನ ಬಾಗಿಲಿನಿಂದ ಹಾರಿ ಚಹಾದಂಗಡಿಯ ಮರೆಗೆ ನುಗ್ಗಿದೆ. ಅಲ್ಲಿ ಬಸಿ ಹಿಡಿದು ಚಹಾ ಕುಡಿಯುತ್ತಿದ್ದವನು ಗುಮಾಸ್ತ.

ಒಬ್ಬರನ್ನೊಬ್ಬರು ನೋಡಿದೆವು. ಅವನು ಬಸಿ ಕೆಳಗಿಟ್ಟ.

"ನೀವ್ಯಾಕ ಬಂದ್ರಿ ಮಾಸ್ತರ?"

"ತಂಗೀನ ಕರಿಯಾಕ. ಮತ್ತ... ಸಾವಕಾರರನ್ನೂ ನೋಡೋಣಂತ."

"ಕೊಟ್ಟು ಬಿಡಾವ್ರೇನು?" ಅವನ ಮುಖ ಸಣ್ಣದಾಯಿತು. "ಪೂರಾ ಕೊಟ್ಟುಬಿಟ್ರ ನನ್ನ ಗದಗ ತಪ್ಪತೈತ್ರಿ."

ಅವನನ್ನು ಸಮಾಧಾನ ಮಾಡುವುದು ನನ್ನ ಪಾಲಿಗೇ ಬಂತು. ಪೂರಾ ಕೊಡುವಷ್ಟು ನನ್ನ ಹತ್ತಿರ ಎಲ್ಲಿದೆಯೆಂದು ಎರಡೆರಡು ಸಲ ಹೇಳಿದ ಮೇಲೆ ಎದ್ದು ಬಂದ.

ಸಾವಕಾರ ಗಾದಿಯ ಮೇಲೆ ಕೂತಿದ್ದರು. ಕನಸಿನಲ್ಲಿ ಕಂಡಷ್ಟು ದಪ್ಪಗಿರಲಿಲ್ಲ. ಕೋರ್ಟಿನ ಹುಕುಮಿನ ನಕಲು ಎದುರಿಗಿಟ್ಟುಕೊಂಡು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಕುಂಡ್ರಿ. ಈ ಹುಕುಮು ಕೊಟ್ಟ ಸಂಸ್ಥಾನನ ಹೋತು. ಕಾಗದ ಧಾರವಾಡಕ್ಕ ಹೋಗ್ಯಾವಂತಾರ, ಇಲ್ಲೇ ಅದಾವಂತಾರ. ಯಾರನ್ನ ಕೇಳಬೇಕು ನನಗ ತಿಳಿವಲ್ದು. ನಿಮಗೇನರ ತಿಳಿತೈತೇನು? ಕಲ್ತಾವ್ರು ನೀವು."

ನನಗೂ ತಿಳಿಯದೆಂದೆ. ನಾನೂ ಸಾವಕಾರರೂ ಒಂದು ಮಾತಿನಲ್ಲಿ ಒಪ್ಪಿದ್ದು ಅದೇ ಮೊದಲು. ಅವರು ಹುಕುಮಿನ ನಕಲು ಮಡಚಿಡುತ್ತ, "ಬಡ್ಡಿ ಬಿಟ್ನಿ. ಅಸಲು ಕೊಡ್ರಿ, ತಿಂಗಳಾ ಐದು ರೂಪಾಯಿ. ಮನಿಯಾರ್ಡರ್ ಮಾಡಿದ್ರೂ ಆತು," ಎಂದರು.

"ಮನಿಯಾರ್ಡರ್ ಬ್ಯಾಡ್ರಿ," ಗುಮಾಸ್ತ ನಡುವೆ ಬಾಯಿ ಹಾಕಿದ. "ಟಪಾಲಿನಾಗ ತಪ್ಪಿ ಹೋಗತೈತಿ. ನಾನ ಹೋಗಿ ತರತೀನ್ರಿ, ತಿಂಗಳಾ ತಪ್ಪದ."

ಮೊದಲ ಐದು ರೂಪಾಯಿ ಅಲ್ಲೇ ಎಣಿಸಿಟ್ಟೆ. ಕೋಟು ಮೈಮೇಲೆಯೇ ಇತ್ತು. ಹೊರಗೆ ಬಂದರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತಂಗಿಯ ಮನೆಯ ದಾರಿ ನನಗೆ ಮರೆತುಹೋಗಿದ್ದರಿಂದ ಗುಮಾಸ್ತ ಮುಂದೆ, ನಾನು ಹಿಂದೆ, ಇಬ್ಬರೂ ಓಡಿದಂತೆಯೇ ನಡೆದೆವು.

ತಂಗಿಯ ಅತ್ತೆ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಬಂದ್ಯಾಪಾ? ಗದಗ ಅಷ್ಟು ದೂರ ಐತೇನು?"

"ಕರಿಯಾಕ ಬಂದೀನ್ರಿ ಅವ್ವಾರ."

"ಕರದ್ಯಲ್ಲ, ಮುಗೀತು. ಕರಕೊಂಡು ಹೋಗು." ಒಳಗೆ ತಿರುಗಿ, "ಏ, ಬಾರ ಹೊರಗ. ನಿಮ್ಮಣ್ಣ ಬಂದಾನ. ಸೀರಿ ಆಮ್ಯಾಲೆ ಮಡಚುವಂತಿ," ಎಂದು ಕೂಗಿದರು.

ತಂಗಿ ಹೊಸ್ತಿಲಲ್ಲಿ ನಿಂತಳು. ಹಣೆಯ ಹತ್ತಿರ ನಾಲ್ಕು ಕೂದಲು ಬೆಳ್ಳಗಾಗಿದ್ದವು. ನನ್ನ ಕಾಲಿಗೆ ನೀರು ತಂದು, ಕೊಡುವ ಬದಲು ತಾನೇ ಸುರಿದಳು. ಅರ್ಧ ನೀರು ನನ್ನ ಕೋಟಿನ ಮೇಲೆ ಬಿತ್ತು, ಇಬ್ಬರೂ ನಕ್ಕೆವು.

ಅಷ್ಟರಲ್ಲಿ ಒಳಗಿನಿಂದ ಅವಳ ಎರಡನೆಯ ಮಗಳು, ಎಂಟು ವರ್ಷದವಳು, ನಾನು ಕಂಡೇ ಇರದಿದ್ದವಳು, ಓಡಿ ಬಂದು ನನ್ನನ್ನು ದಾಟಿ ಗುಮಾಸ್ತನ ಚೀಲಕ್ಕೆ ಕೈ ಹಾಕಿದಳು.

"ಕಾಕಾ, ಗದಗಿನ ಮಾಮಾ ಏನು ಕಳಿಸ್ಯಾರ?"

"ಈ ಸಲ ಮಾಮಾನ್ನ ಕಳಿಸ್ಯಾರ ನೋಡವಾ," ಎಂದ ಗುಮಾಸ್ತ.

ಹುಡುಗಿ ತಿರುಗಿ ನನ್ನ ಎರಡೂ ಬರಿಗೈಗಳನ್ನು ನೋಡಿದಳು. "ಉಂಡಿ?" ಎಂದಳು.

ಅವ್ವ ಎರಡು ದಿನ ಕೂತು ಕಟ್ಟಿದ ಎಳ್ಳುಂಡಿ, ಶೇಂಗಾ ಉಂಡಿಗಳ ಡಬ್ಬಿ ಮೋಟಾರಿನ ಸೀಟಿನ ಕೆಳಗೆ ಉಳಿದಿತ್ತು. ಆ ಹೊತ್ತಿಗೆ ಅದು ಲಕ್ಷ್ಮೇಶ್ವರ ಮುಟ್ಟಿರಬೇಕು.